ಹಿತ್ತಲ ಬಾಡಿಗೆ ಮನೆಗೆ ಬಿಸಿ–ತಂಪಿನ ಏರ್ಪಾಡು: ಮೊದಲು ಲೆಕ್ಕ, ಆಮೇಲೆ ಖರೀದಿ

ಕ್ಯಾಲಿಫೋರ್ನಿಯದಲ್ಲಿ ಹಿತ್ತಲಿನ ಜಾಗದಲ್ಲಿ ಬಾಡಿಗೆಗೆಂದು ಪುಟ್ಟ ಮನೆ ಕಟ್ಟಿಸುವ ನಮ್ಮವರು ಅಡುಗೆಕಟ್ಟೆಯ ಕಲ್ಲು ಆರಿಸಲು ವಾರಗಟ್ಟಲೆ ಅಂಗಡಿ ಸುತ್ತುತ್ತಾರೆ. ಹೀಟಿಂಗ್, ಎಸಿ ವಿಷಯದಲ್ಲಿ ಮಾತ್ರ ಗುತ್ತಿಗೆದಾರರು ಹೇಳಿದ್ದಕ್ಕೆ ತಲೆಯಾಡಿಸಿಬಿಡುತ್ತಾರೆ.

ಅಲ್ಲಿನ ಕಟ್ಟಡ ನಿಯಮದಂತೆ ವಾಸದ ಕೋಣೆಗಳಲ್ಲಿ ನೆಲದಿಂದ 3 ಅಡಿ ಎತ್ತರದಲ್ಲಿ 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಕಾಯ್ದುಕೊಳ್ಳುವ ಹೀಟಿಂಗ್ ಇರಲೇಬೇಕು, ಮತ್ತು ಎತ್ತಿಡಬಹುದಾದ ಪ್ಲಗ್ ಹೀಟರ್ ಈ ಲೆಕ್ಕಕ್ಕೆ ಬರುವುದಿಲ್ಲ. ಬೇಸಿಗೆಯಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ದಾಟುವ ಲಿವರ್‌ಮೋರ್, ಟ್ರೇಸಿಯಂಥ ಒಳನಾಡಿನ ಊರುಗಳಲ್ಲಿ ಎಸಿಯೂ ಬೇಕೇಬೇಕು. ಆದ್ದರಿಂದ ಎರಡೂ ಕೆಲಸ ಮಾಡುವ, ಗೋಡೆಗೆ ಕೂರುವ ಸ್ಪ್ಲಿಟ್ ಹೀಟ್ ಪಂಪ್ ಒಂದೇ ಸಾಕೆಂಬುದು ನನ್ನ ಅಭಿಪ್ರಾಯ. ಕಾಯಿಲ್ ಹೀಟರ್ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖವನ್ನಷ್ಟೇ ಕೊಟ್ಟರೆ, ಹೊರಗಿನ ಗಾಳಿಯ ಶಾಖವನ್ನೇ ಒಳಗೆ ಸಾಗಿಸುವ ಹೀಟ್ ಪಂಪ್ ಅಲ್ಲಿನ ಸೌಮ್ಯ ಚಳಿಗಾಲದಲ್ಲಿ ಸುಮಾರು ಮೂರು ಯೂನಿಟ್ ಕೊಡುತ್ತದೆ.

ಹೆಚ್ಚಿನವರು ಎಡವುವುದು ಗಾತ್ರದಲ್ಲಿ. ‘ಇರಲಿ, ದೊಡ್ಡದೇ ಹಾಕೋಣ’ ಎನ್ನುವ ಮಾತಿಗೆ ಒಪ್ಪಬೇಡಿ. ಯಂತ್ರದ ಸಾಮರ್ಥ್ಯವನ್ನು ಟನ್ನಿನಲ್ಲಿ ಹೇಳುತ್ತಾರೆ; ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು (ಶಾಖವನ್ನು ಅಳೆಯುವ ಮಾನ). ಚೆನ್ನಾಗಿ ಇನ್ಸುಲೇಷನ್ ಮಾಡಿದ 400 ಚದರಡಿಯ ಹೊಸ ಮನೆಗೆ ಸಾಮಾನ್ಯವಾಗಿ ಮುಕ್ಕಾಲು ಟನ್ನೇ ಸಾಕಾಗುತ್ತದೆ. ಅಗತ್ಯಕ್ಕಿಂತ ದೊಡ್ಡ ಯಂತ್ರ ಕೋಣೆಯನ್ನು ಬೇಗನೆ ತಣ್ಣಗಾಗಿಸಿ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಹೀಗೆ ಪದೇ ಪದೇ ನಿಂತು ಹೊರಡುವುದರಿಂದ ಕಂಪ್ರೆಸರ್ ಸವೆಯುತ್ತದೆ, ಗಾಳಿಯ ತೇವವೂ ಸರಿಯಾಗಿ ಇಳಿಯುವುದಿಲ್ಲ. ಕಿಟಕಿಗಳ ದಿಕ್ಕು, ಗಾಜು, ಚಾವಣಿ ಎಲ್ಲವನ್ನೂ ಹಿಡಿದು ಮಾಡುವ ‘ಮ್ಯಾನುಯಲ್ ಜೆ’ ಲೆಕ್ಕವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಯಂತ್ರದ ಗರಿಷ್ಠ ಸಾಮರ್ಥ್ಯವನ್ನಷ್ಟೇ ಅಲ್ಲ, ಅದು ನಿಲ್ಲದೆ ಎಷ್ಟು ಕಡಿಮೆ ಸಾಮರ್ಥ್ಯಕ್ಕೆ ಇಳಿದು ಓಡಬಲ್ಲದು ಎಂಬುದನ್ನೂ ನೋಡಿ.

ಒಳಗಿನ ಯಂತ್ರವನ್ನು ಒಲೆಯ ಎದುರಿಗೆ ಕೂರಿಸಬೇಡಿ. ಒಂದೇ ಕೋಣೆಯ ಮನೆಯಲ್ಲಿ ದಿನವೂ ಒಗ್ಗರಣೆ ಸಿಡಿದರೆ ಎಣ್ಣೆಯ ಜಿಡ್ಡು ಫಿಲ್ಟರ್ ದಾಟಿ ಒಳಗಿನ ಫ್ಯಾನಿನ ಅಲಗುಗಳಿಗೆ ಮೆತ್ತಿಕೊಳ್ಳುತ್ತದೆ, ಅದರ ಮೇಲೆ ಧೂಳು ಕೂತು ಗಾಳಿ ಕುಗ್ಗುತ್ತದೆ. ಹೊಗೆಯನ್ನು ಮನೆಯ ಹೊರಕ್ಕೇ ದೂಡುವ ಚಿಮಣಿ ಇದಕ್ಕೆ ಮದ್ದು. ತಂಪು ಮಾಡುವಾಗ ಒಳಗಿನ ಯಂತ್ರದಲ್ಲಿ ಸೇರುವ ನೀರನ್ನು ಹೊರಕ್ಕೆ ಒಯ್ಯುವ ಪೈಪಿಗೆ ಇಳಿಜಾರು ಸರಿಯಿದೆಯೇ ಎಂದು ಗೋಡೆ ಮುಚ್ಚುವ ಮೊದಲೇ ಒಂದು ಚೊಂಬು ನೀರು ಸುರಿದು ಪರೀಕ್ಷಿಸಿ. ಬಾಗಿಲು ಹಾಕಿದ ಸ್ನಾನದ ಮನೆಗೆ ಹೀಟ್ ಪಂಪಿನ ಬಿಸಿಗಾಳಿ ತಲುಪುವುದಿಲ್ಲವಾದ್ದರಿಂದ, ಅಲ್ಲಿಗೆ ಗೋಡೆಗೆ ಕೂರುವ ಸಣ್ಣ ವಿದ್ಯುತ್ ಹೀಟರ್ ಬೇರೆಯಾಗಿ ಬೇಕಾಗಬಹುದು. ಹೊರಗಿನ ಯಂತ್ರ ನೆರೆಯವರ ಮಲಗುವ ಕೋಣೆಯ ಕಿಟಕಿಯಿಂದ ದೂರವಿರಲಿ.

ಹಳೆಯ ಮನೆಗಳಲ್ಲಿ ವಿದ್ಯುತ್ತಿನ ಮುಖ್ಯ ಪ್ಯಾನೆಲ್ 100 ಆಂಪಿಯರ್‌ನದೇ ಇರಬಹುದು. ಸಣ್ಣ ಹೀಟ್ ಪಂಪ್‌ಗೆ ಸಾಮಾನ್ಯವಾಗಿ 240 ವೋಲ್ಟಿನ, 15 ಅಥವಾ 20 ಆಂಪಿಯರ್‌ನ ಪ್ರತ್ಯೇಕ ಸರ್ಕ್ಯೂಟ್ ಸಾಕಾದರೂ, ಹಿತ್ತಲ ಮನೆಯ ಒಲೆ, ಗೀಸರ್‌ಗಳನ್ನೂ ಕೂಡಿಸಿ ಲೋಡ್ ಲೆಕ್ಕ ಹಾಕಿಸಬೇಕು. ಎರಡು ಮನೆಗೂ ಒಂದೇ ಮೀಟರ್ ಇದ್ದರೆ, ಬಿಲ್ಲಿನಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಬಾಡಿಗೆ ಕರಾರಿನಲ್ಲೇ ಬರೆಯಿರಿ; ಫಿಲ್ಟರ್ ತೊಳೆಯುವವರು ಯಾರು ಎಂಬುದನ್ನೂ ಅದರ ಕೆಳಗೇ ಸೇರಿಸಿ.