ದಮ್ಮು ನೆಬ್ಯುಲೈಸರ್‌ಗೂ ಬಗ್ಗದಾಗ: ಹಿರಿಯರಿಗೆ ಮೆಗ್ನೀಸಿಯಂ ಡ್ರಿಪ್ ಕೊಡುವ ಕ್ರಮ

ಗೋಡೆಗೆ ಬೂಷ್ಟು ಹಿಡಿದು, ಬಚ್ಚಲ ಒಲೆಯ ಹೊಗೆ ಮನೆಯೊಳಗೇ ಸುತ್ತುವ ಮಳೆಗಾಲದಲ್ಲಿ ಕಾರವಾರದಿಂದ ಶಿರಸಿವರೆಗೆ ವಯಸ್ಸಾದವರ ದಮ್ಮು ಕೆರಳುತ್ತದೆ. ಒಂದು ವಾಕ್ಯವನ್ನೂ ಪೂರ್ತಿ ಆಡಲಾಗದ ಏದುಸಿರು, ನಿಮಿಷಕ್ಕೆ 25 ದಾಟಿದ ಉಸಿರಾಟ, 110 ದಾಟಿದ ನಾಡಿ ಕಂಡರೆ ಅದು ತೀವ್ರ ದಾಳಿ. ತಡಮಾಡದೆ 108ಕ್ಕೆ ಕರೆ ಮಾಡಿ. ಹೊರಡುವಾಗ ಹಿರಿಯರು ನುಂಗುವ ಎಲ್ಲ ಮಾತ್ರೆಗಳ ಜತೆ ಕಣ್ಣಿಗೆ ಬಿಡುವ ಔಷಧವನ್ನೂ ಚೀಲಕ್ಕೆ ಹಾಕಿಕೊಳ್ಳಿ. ಕಣ್ಣಿನ ಒತ್ತಡ ಏರುವ ಗ್ಲಾಕೋಮಾಕ್ಕೆ ಕೊಡುವ ಟಿಮೊಲಾಲ್ ಹನಿಯೇ ಶ್ವಾಸನಾಳವನ್ನು ಬಿಗಿಸಿರುವುದುಂಟು.

ಆಸ್ಪತ್ರೆಯಲ್ಲಿ ಮೊದಲ ಮದ್ದು ಮೆಗ್ನೀಸಿಯಂ ಅಲ್ಲ. ಸಾಲ್ಬುಟಮಾಲ್ 2.5ರಿಂದ 5 ಮಿ.ಗ್ರಾಂ, ಇಪ್ರಾಟ್ರೋಪಿಯಂ 0.5 ಮಿ.ಗ್ರಾಂ ಸೇರಿಸಿ 20 ನಿಮಿಷಕ್ಕೊಮ್ಮೆ ಮೂರು ಸಲ ನೆಬ್ಯುಲೈಸರ್ (ಮದ್ದನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಯಂತ್ರ) ಕೊಡಬೇಕು. ಸ್ಟೀರಾಯ್ಡ್ ಕೆಲಸ ಮಾಡಲು ಕೆಲವು ಗಂಟೆ ಬೇಕಾದ್ದರಿಂದ ಅದನ್ನು ಆರಂಭದಲ್ಲೇ ಕೊಡಬೇಕು. ರಕ್ತದಲ್ಲಿನ ಆಮ್ಲಜನಕ ಮಟ್ಟದ ಗುರಿ ಆಸ್ತಮಾದಲ್ಲಿ ಶೇ 93–95. ಬೀಡಿ, ಒಲೆಹೊಗೆಯಿಂದ ಬಂದ ಸಿಒಪಿಡಿಯಲ್ಲಿ (ಶ್ವಾಸನಾಳ ಕಾಯಂ ಕಿರಿದಾಗುವ ರೋಗ) ಶೇ 88–92 ಸಾಕು, ಹೆಚ್ಚಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಇಷ್ಟಾದರೂ ಎದೆ ಸಡಿಲವಾಗದಿದ್ದರೆ ಮೆಗ್ನೀಸಿಯಂ ಸರದಿ. ಅದು ಶ್ವಾಸನಾಳದ ಸ್ನಾಯುವಿನೊಳಗೆ ಕ್ಯಾಲ್ಸಿಯಂ ನುಗ್ಗುವುದನ್ನು ತಡೆದು ಬಿಗಿತ ಇಳಿಸುತ್ತದೆ. ಆಸ್ತಮಾದಲ್ಲಿ ಇದರ ಉಪಯೋಗಕ್ಕೆ ಆಧಾರ ಚೆನ್ನಾಗಿದೆ, ಸಿಒಪಿಡಿಯಲ್ಲಿ ಅಷ್ಟಿಲ್ಲ.

ಹಿರಿಯರ ವಿಷಯದಲ್ಲಿ ಇಲ್ಲಿ ಸ್ವಲ್ಪ ನಿಲ್ಲಲೇಬೇಕು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದರೂ ಎದೆ ಸುಂಯ್‌ಗುಡುತ್ತದೆ. ಕಾಲು ಬಾವು, ಮಲಗಿದರೆ ಹೆಚ್ಚುವ ಉಬ್ಬಸ ಇದ್ದರೆ ಆ ಅನುಮಾನ ಬರಬೇಕು. ಇಸಿಜಿ ತೆಗೆಯಿರಿ, ಕ್ರಿಯಾಟಿನಿನ್‌ಗೆ ರಕ್ತ ಕಳಿಸಿ. ಮೆಗ್ನೀಸಿಯಂ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ, ಅದು ಸೋತಿದ್ದರೆ ಮದ್ದು ರಕ್ತದಲ್ಲೇ ಉಳಿಯುತ್ತದೆ. ಹಾರ್ಟ್ ಬ್ಲಾಕ್ (ಹೃದಯದ ವಿದ್ಯುತ್ ಸಂಕೇತಕ್ಕೆ ತಡೆ), ಮಯಸ್ತೇನಿಯಾ (ಸ್ನಾಯು ಸೋಲುವ ರೋಗ) ಇದ್ದವರಿಗೆ ಕೊಡಬಾರದು. ಅಮ್ಲೋಡಿಪಿನ್‌ನಂಥ ಬಿಪಿ ಮಾತ್ರೆ ನುಂಗುವವರಲ್ಲಿ ಬಿಪಿ ತಟ್ಟನೆ ಕುಸಿಯಬಹುದು.

ತಯಾರಿ ಹೀಗೆ. ಶೇ 50ರ ಮೆಗ್ನೀಸಿಯಂ ಸಲ್ಫೇಟ್‌ನ 2 ಮಿ.ಲೀ. ಆಂಪೂಲ್‌ನಲ್ಲಿ 1 ಗ್ರಾಂ ಇರುತ್ತದೆ. ಎರಡು ಆಂಪೂಲ್, ಅಂದರೆ 2 ಗ್ರಾಂ, 100 ಮಿ.ಲೀ. ನಾರ್ಮಲ್ ಸಲೈನ್‌ಗೆ ಬೆರೆಸಿ 20 ನಿಮಿಷದಲ್ಲಿ ಹರಿಸಬೇಕು. ಮಿ.ಲೀ.ಗೆ 20 ಹನಿಯ ಡ್ರಿಪ್ ಸೆಟ್ ಆದರೆ ನಿಮಿಷಕ್ಕೆ ಸುಮಾರು 100 ಹನಿ. ಆ ಬಾಟಲಿಗೆ ಬೇರೆ ಮದ್ದು ಸೇರಿಸಬೇಡಿ. ಬೈಕಾರ್ಬೊನೇಟ್ ಅಥವಾ ಕ್ಯಾಲ್ಸಿಯಂ ಸೇರಿದರೆ ಬಿಳಿ ಗಸಿ ಕಟ್ಟಬಹುದು. ಇದೇ ಆಂಪೂಲ್ ಹೆರಿಗೆ ಕೋಣೆಯಲ್ಲೂ ಇರುತ್ತದೆ. ಬಸುರಿಯರ ನಂಜಿಗೆ (ಬಿಪಿ ಏರಿ ಫಿಟ್ಸ್ ಬರುವ ಕಾಯಿಲೆ) ಅಲ್ಲಿ ಪೃಷ್ಠಕ್ಕೆ ಚುಚ್ಚುವ ದೊಡ್ಡ ಡೋಸಿನ ಲೆಕ್ಕ ಈ ರೋಗಿಗೆ ಸಲ್ಲದು. ಶೇ 50ರ ದ್ರಾವಣವನ್ನು ತೆಳುಮಾಡದೆ ರಕ್ತನಾಳಕ್ಕೆ ಒತ್ತುವುದು ಪ್ರಾಣಾಪಾಯ.

ಮದ್ದು ಹರಿಯುವಾಗ ಮೈ ಬಿಸಿಯಾಗುವುದು, ಮುಖ ಕೆಂಪೇರುವುದು ಸಹಜ. ಹಾಗೆಂದು ಹಾಸಿಗೆ ಬಿಟ್ಟು ಹೋಗಬಾರದು. 5 ನಿಮಿಷಕ್ಕೊಮ್ಮೆ ಬಿಪಿ, ಮಾನಿಟರ್‌ನಲ್ಲಿ ಹೃದಯದ ಲಯ, ನಡುನಡುವೆ ಮೊಣಕಾಲಿಗೆ ಸುತ್ತಿಗೆ ತಟ್ಟಿ ಕಾಲು ಜಿಗಿಯುವುದೇ ಎಂದು ನೋಡಬೇಕು. ಮೆಗ್ನೀಸಿಯಂ ಅತಿಯಾಗಿ ವಿಷವಾಗುವಾಗ ಮೊದಲು ಕಾಣೆಯಾಗುವುದು ಆ ಜಿಗಿತ, ಆಮೇಲೆ ಉಸಿರು. ಬಿಪಿಯ ಮೇಲಿನ ಅಂಕಿ 90ಕ್ಕಿಂತ ಇಳಿದರೆ ಅಥವಾ ಜಿಗಿತ ಹೋದರೆ ಡ್ರಿಪ್ ನಿಲ್ಲಿಸಿ. ಪ್ರತಿವಿಷ ಶೇ 10ರ ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿ.ಲೀ., 10 ನಿಮಿಷದಲ್ಲಿ ನಿಧಾನವಾಗಿ. ಡ್ರಿಪ್ ಶುರುವಾಗುವ ಮೊದಲೇ ಅದು ಟ್ರೇಯಲ್ಲಿರಬೇಕು.

ನಿಮಿಷಕ್ಕೆ 30 ಇದ್ದ ಉಸಿರು 14ಕ್ಕೆ ಇಳಿದಾಗ ಮನೆಯವರು ನಿಟ್ಟುಸಿರು ಬಿಡುತ್ತಾರೆ. ರೋಗಿ ಮಾತಾಡುತ್ತಿದ್ದರೆ ಸರಿ. ತೂಕಡಿಸುತ್ತ, ಎದೆಯಲ್ಲಿ ಸದ್ದೇ ಇಲ್ಲದಿದ್ದರೆ ಅದು ದಣಿವು. ವೆಂಟಿಲೇಟರ್ ಬೇಕಾದ ಹೊತ್ತು.

ಸಾಮಾನ್ಯವಾಗಿ ಇದು ಒಂದೇ ಸಲದ ಮದ್ದು. ಸುಧಾರಿಸದವರನ್ನು ಹುಬ್ಬಳ್ಳಿಗೋ ಮಣಿಪಾಲಕ್ಕೋ ಕಳಿಸುವಾಗ ಚೀಟಿಯ ಮೇಲ್ಭಾಗದಲ್ಲೇ ದಪ್ಪಕ್ಷರದಲ್ಲಿ ಬರೆಯಿರಿ: ಮೆಗ್ನೀಸಿಯಂ 2 ಗ್ರಾಂ, ಕೊಟ್ಟ ಗಂಟೆ, ಆಗಿನ ಬಿಪಿ. ಆ ಸಾಲು ಇಲ್ಲದಿದ್ದರೆ ಅಲ್ಲಿಗೆ ಹೋದಮೇಲೆ ಇನ್ನೊಂದು ಡೋಸ್ ಬೀಳಬಹುದು.