ಪ್ಯಾರಾಚೂಟ್ ಇಲ್ಲದ ನೌಕೆ: ರದ್ದಿ ಪೇಪರಿನಲ್ಲಿ ಜಾರ್ಯಾ ಮಾಡುವುದು ಹೇಗೆ

ಶಾಲೆಯ ವಿಜ್ಞಾನ ಪ್ರದರ್ಶನ ಅಂದರೆ ನಮ್ಮ ಧಾರವಾಡದ ಕಡೆ ಪ್ರತಿ ವರ್ಷ ಅದೇ ಜ್ವಾಲಾಮುಖಿ, ಅದೇ ಥರ್ಮಾಕೋಲ್ ರಾಕೆಟ್. ಈ ಸಲ ಮಗಳ ಜೊತೆ ಕೂತು ಜಾರ್ಯಾ ಅನ್ನುವ ಬಾಹ್ಯಾಕಾಶ ನೌಕೆಯ ಮಾದರಿ ಮಾಡಿದೆವು. ಸೋವಿಯತ್ ಒಕ್ಕೂಟದವರೇ ಇದನ್ನು ಕಟ್ಟಲಿಲ್ಲ, ಕಾಗದದ ಮೇಲೆಯೇ ಉಳಿಯಿತು. ಹಾಗಾಗಿ ಕಾಗದದಲ್ಲೇ ಮಾಡಿದರೆ ಸರಿ ಅಲ್ವಾ?

ಮೊದಲೇ ಒಂದು ಮಾತು. ನೆಟ್‌ನಲ್ಲಿ ಜಾರ್ಯಾ ಅಂತ ಹುಡುಕಿದರೆ 1998ರಲ್ಲಿ ಹಾರಿದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೊದಲ ಭಾಗ ಸಿಗುತ್ತದೆ. ಅದು ಬೇರೆ, ಅದನ್ನು ನೋಡಿ ಮಾಡಬೇಡಿ. ರಷ್ಯನ್ ಭಾಷೆಯಲ್ಲಿ ಜಾರ್ಯಾ ಅಂದರೆ ನಸುಕು, ಆ ಹೆಸರನ್ನು ಅವರು ಸಿಕ್ಕಿದ್ದಕ್ಕೆಲ್ಲ ಇಟ್ಟಿದ್ದಾರೆ. ನಮ್ಮದು 1985ರಲ್ಲಿ ಶುರುವಾಗಿ 1989ರ ಜನವರಿಯಲ್ಲಿ ನಿಂತುಹೋದ ನೌಕೆ. ರಾಕೇಶ್ ಶರ್ಮಾ 1984ರಲ್ಲಿ ಸೋವಿಯತ್ತಿನವರ ಸೊಯುಜ್ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದರಲ್ಲ, ಅದರ ಮರುವರ್ಷದ ಯೋಜನೆ.

ಅಳತೆ ಸುಲಭ. ನಿಜವಾದ ನೌಕೆ 4.1 ಮೀಟರ್ ಅಗಲ, 5 ಮೀಟರ್ ಎತ್ತರ ಇರಬೇಕಿತ್ತು. ಇಪ್ಪತ್ತನೇ ಒಂದು ಭಾಗಕ್ಕೆ ಇಳಿಸಿದರೆ 20.5 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರ. ಅದನ್ನು ಹೊತ್ತೊಯ್ಯಬೇಕಿದ್ದ ಜೆನಿಟ್ ರಾಕೆಟ್ಟನ್ನೂ ಇದೇ ಅಳತೆಯಲ್ಲಿ ಮಾಡುತ್ತೇನೆ ಅಂತ ಮಕ್ಕಳು ಹಟ ಹಿಡಿದರೆ ಒಪ್ಪಬೇಡಿ, ಅದು ಸುಮಾರು ಮೂರು ಮೀಟರ್ ಆಗುತ್ತದೆ, ಬಾಗಿಲು ದಾಟುವುದಿಲ್ಲ.

ಆಕಾರ ಸ್ಕೂಟರಿನ ಹೆಡ್‌ಲೈಟ್ ಥರ. ಸುಮ್ನೆ ಹೇಳುತ್ತಿಲ್ಲ, ಸೊಯುಜ್‌ನಲ್ಲಿ ಜನ ಕೂತು ಭೂಮಿಗೆ ಇಳಿಯುವ ಕೋಣೆಯ ಆಕಾರಕ್ಕೆ ರಷ್ಯನ್ನರು ಹೇಳುವುದೂ ಹೆಡ್‌ಲೈಟ್ ಅಂತಲೇ. ಜಾರ್ಯಾ ಅಂದರೆ ಅದನ್ನೇ ದೊಡ್ಡದು ಮಾಡಿದ್ದು.

ಇದಕ್ಕೆ ನಮ್ಮ ಅವ್ವ ಕಾಗದದ ಬುಟ್ಟಿ ಮಾಡುತ್ತಿದ್ದ ಪದ್ಧತಿಯೇ ಸಾಕು. ಹಳೇ ಪೇಪರ್ ಹರಿದು ಎರಡು ದಿನ ನೆನೆಹಾಕಿ. ನೆನೆದ ಮೆಂತ್ಯದ ಜೊತೆ ಸೇರಿಸಿ ನುಣ್ಣಗೆ ರುಬ್ಬಿ. ಅಂಟು ಬರುವುದು ಮೆಂತ್ಯದಿಂದಲೇ, ಕಂಜೂಸಿ ಮಾಡಬೇಡಿ. ಈಗ ತಳ ದುಂಡಗಿರುವ ಒಂದು ಡಬರಿ ಹುಡುಕಿ, ಬಾಯಿಯ ಸುತ್ತಳತೆ ದಾರದಲ್ಲಿ 58 ಸೆಂ.ಮೀ. ಆಸುಪಾಸು ಇರಲಿ. ಬೋರಲು ಹಾಕಿ, ಮೇಲೆ ತೆಳು ಪ್ಲಾಸ್ಟಿಕ್ ಹೊದಿಸಿ, ಒಂದು ಸೆಂ.ಮೀ. ದಪ್ಪ ಮೆತ್ತಿ. ಕೊಡ ಬೇಡ. ಹೊಟ್ಟೆ ದಾಟಿ ಮೆತ್ತಿದರೆ ಒಣಗಿದ ಮೇಲೆ ಹೊರಗೆ ಬರುವುದೇ ಇಲ್ಲ, ಒಡೆಯಬೇಕಾಗುತ್ತದೆ. ತಳದ ಮುಚ್ಚಳಕ್ಕೆ ಅಷ್ಟೇ ಅಗಲದ, ಸ್ವಲ್ಪ ಉಬ್ಬಿದ ತಟ್ಟೆ ಸಾಕು.

ಒಣಗಿಸುವುದೇ ಕಷ್ಟದ ಕೆಲಸ. ನಾವು ಮೊದಲನೆಯದನ್ನು ಆಷಾಢದ ಜಿಟಿಜಿಟಿ ಮಳೆಯಲ್ಲಿ ಮಾಡಿ ಮೂರನೇ ದಿನಕ್ಕೇ ಡಬರಿಯಿಂದ ತೆಗೆದೆವು. ಹೊರಗೆ ಗಟ್ಟಿ, ಒಳಗೆ ಹಸಿ, ಬೆಳಗಾಗುವಷ್ಟರಲ್ಲಿ ಹೋಳಿಗೆ ಆಗಿತ್ತು. ಬಿಸಿಲಿದ್ದಾಗ ಮಾಡಿ, ವಾರ ಕಾಯಿರಿ.

ಇನ್ನು ನೌಕೆಯ ಜೀವಾಳ. ಸೊಯುಜ್ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ, ನೆಲಕ್ಕೆ ಒಂದು ಮೀಟರಿಗಿಂತ ಕಡಿಮೆ ಉಳಿದಾಗ ಸಣ್ಣ ಎಂಜಿನ್‌ಗಳು ಒಮ್ಮೆ ಉರಿದು ಪೆಟ್ಟು ತಗ್ಗಿಸುತ್ತವೆ. ಜಾರ್ಯಾದಲ್ಲಿ ಪ್ಯಾರಾಚೂಟೇ ಬೇಡ ಅಂದುಕೊಂಡಿದ್ದರು. ತಲಾ 1.5 ಟನ್ ನೂಕುವ 24 ಎಂಜಿನ್‌ಗಳ ಮೇಲೆಯೇ ಮೆತ್ತಗೆ ಇಳಿದು, ಮತ್ತೆ ಮತ್ತೆ ಹಾರಬೇಕು. ಲೆಕ್ಕ ನೋಡಿ: ಒಟ್ಟು 36 ಟನ್ ನೂಕುಬಲ, ಹೊರಡುವಾಗಿನ ನೌಕೆಯ ತೂಕ 15 ಟನ್. ಒಂದೆರಡು ಕೈಕೊಟ್ಟರೂ ನಡೆಯುತ್ತದೆ, ಎಲ್ಲವೂ ಕೈಕೊಟ್ಟರೆ ದೇವರೇ ಗತಿ. ನನಗಂತೂ ಕೂರಲು ಧೈರ್ಯ ಬರುತ್ತಿರಲಿಲ್ಲ. ಅಮೆರಿಕದ ಡ್ರ್ಯಾಗನ್ ನೌಕೆಯವರೂ ಎಂಜಿನ್ ಮೇಲೆ ನೆಲಕ್ಕಿಳಿಸುವ ಆಸೆ ಇಟ್ಟುಕೊಂಡು 2017ರಲ್ಲಿ ಕೈಬಿಟ್ಟರು.

ಆದ್ದರಿಂದ ಈ 24ನ್ನು ಎಣಿಸಿ ಹಚ್ಚಿ, ಅಂದಾಜಿನ ಮೇಲೆ ಬೇಡ. ಕೋನಮಾಪಕ ಬೇಕಿಲ್ಲ. ಮಾದರಿಯ ಸುತ್ತ ದಾರ ಸುತ್ತಿ ಕತ್ತರಿಸಿ, ಮೂರು ಸಲ ಅರ್ಧಕ್ಕೆ ಮಡಚಿ, ಕೊನೆಗೆ ಮೂರು ಪಾಲು ಮಾಡಿ. ಸುಮಾರು 2.7 ಸೆಂ.ಮೀ.ಗೊಂದು ಗುರುತು ಸಿಗುತ್ತದೆ. ಅಲ್ಲಲ್ಲಿ ಹಳೇ ಪೆನ್ನಿನ ಕ್ಯಾಪು ತುಂಡರಿಸಿ, ಬಾಯಿ ಕೆಳಗೆ ಮಾಡಿ ಫೆವಿಕಾಲಿನಿಂದ ಅಂಟಿಸಿ.

ಕೆಳಗೆ ರಟ್ಟಿನ ಒಂದು ಬಳೆ ಬೇಕು. ಪೇಢೆ ಡಬ್ಬಿಯ ರಟ್ಟು ಚೆನ್ನಾಗಿ ಬಾಗುತ್ತದೆ. ನಿಜವಾದ ನೌಕೆಯಲ್ಲಿ ಈ ಭಾಗವನ್ನು ಮರಳುವ ಮುಂಚೆ ಕಳಚಿ ಬಿಸಾಡುವ ಯೋಚನೆ ಇತ್ತು, ಹಾಗಾಗಿ ಅಂಟಿಸದೆ ಕಳಚಿ ತೋರಿಸುವಂತೆ ಇಡಿ. ನೆತ್ತಿಗೆ ಬಾಟಲಿ ಮುಚ್ಚಳ, ಆಗಿನ ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಮೀರ್‌ಗೆ ಜೋಡಿಸುವ ಮೂತಿ ಅಂತ. ಬಣ್ಣ ನಿಮ್ಮಿಷ್ಟ, ಹಾರಿದ ನೌಕೆಯ ಫೋಟೋ ಯಾರ ಬಳಿಯೂ ಇಲ್ಲ!

ಪಕ್ಕದಲ್ಲಿ 11 ಸೆಂ.ಮೀ. ಅಗಲದ ಒಂದು ತಂಬಿಗೆ ಬೋರಲಿಡಿ. ಅದು ಇದೇ ಅಳತೆಯಲ್ಲಿ ಸೊಯುಜ್‌ನ ಮೂರು ಜನರ ಕೋಣೆ. 8.5 ಸೆಂ.ಮೀ. ಎತ್ತರದ ಎಂಟು ರಟ್ಟಿನ ಗೊಂಬೆಗಳನ್ನು ಜಾರ್ಯಾದ ಪಕ್ಕ ನಿಲ್ಲಿಸಿ, ಎಂಟು ಜನರವರೆಗೆ ಕೂರುವ ಹಾಗೆ ಯೋಚಿಸಿದ್ದರು. ದುಡ್ಡಿಲ್ಲದೆ ನಿಂತುಹೋಯಿತು ಅಂತ ಮಕ್ಕಳಿಗೆ ಹೇಳಿಕೊಡಿ, ನೋಡಲು ಬಂದವರು ಅದನ್ನೇ ಜಾಸ್ತಿ ಕೇಳುವುದು.

ಹುಬ್ಬಳ್ಳಿಗೋ ಗದಗಿಗೋ ಬಸ್ಸಿನಲ್ಲಿ ಒಯ್ಯುವುದಾದರೆ ಮೇಲಿನ ಕ್ಯಾರಿಯರ್‌ನಲ್ಲಿ ಇಡಬೇಡಿ, ತೊಡೆಯ ಮೇಲಿರಲಿ. ನಮ್ಮವು ನವಲೂರು ದಾಟುವಷ್ಟರಲ್ಲಿ ನಾಲ್ಕು ಎಂಜಿನ್ ಉದುರಿದ್ದವು. ಫೆವಿಕಾಲ್ ಜೊತೆಗಿರಲಿ.