ಫೀಸು ಕೇಳಿದ್ದಕ್ಕೆ ಬಂದ ಲಾಯರ್ ನೋಟಿಸ್

ತೆರಿಗೆ ಸಲಹೆಗಾರನಾದ ನಾನು ಒಬ್ಬ ಗ್ರಾಹಕರಿಗೆ ಬಾಕಿ ಫೀಸಿಗಾಗಿ ಮೂರನೇ ಪತ್ರ ಬರೆದು ಹತ್ತು ದಿನ ಆಗಿತ್ತು. ಫೀಸಿನ ಬದಲು ಲಾಯರ್ ನೋಟಿಸ್ ಬಂತು. ನನ್ನ ನಿರ್ಲಕ್ಷ್ಯದಿಂದಾಗಿ ತಮ್ಮ ಕಕ್ಷಿದಾರರ ಮೇಲೆ ತೆರಿಗೆ, ಬಡ್ಡಿ, ದಂಡ ಬಿದ್ದಿದೆ, ಅಷ್ಟನ್ನೂ ನಾನೇ ತುಂಬಿಕೊಡಬೇಕು ಅಂತ. ಆ ಗ್ರಾಹಕರ ತೆರಿಗೆ ರಿಟರ್ನ್ ನಾನು ಸಲ್ಲಿಸಿ ಎರಡು ವರ್ಷವಾಗಿತ್ತು, ಅಲ್ಲಿಯವರೆಗೆ ಅವರು ತುಟಿ ಬಿಚ್ಚಿರಲಿಲ್ಲ. ತೆರಿಗೆ ಸಲಹೆಗಾರ ಬಾಕಿ ವಸೂಲಿಗೆ ಹೊರಟರೆ ಎದುರುದಾವೆಯ ಬೆದರಿಕೆ ಹಾಕಿ ಬಾಯಿ ಮುಚ್ಚಿಸುವುದು ಹಳೆಯ ಪಟ್ಟು ಎಂದು ಆಮೇಲೆ ಗೊತ್ತಾಯಿತು.

ಕೈ ಫೋನಿನ ಕಡೆಗೇ ಹೋಗುತ್ತಿತ್ತು. "ಸಾರ್, ಏನೋ ತಪ್ಪು ತಿಳುವಳಿಕೆ ಆಗಿದೆ, ಕೂತು ಮಾತಾಡೋಣ" ಎನ್ನಬೇಕೆನಿಸಿತ್ತು. ಮಾಡಲಿಲ್ಲ, ಬಚಾವಾದೆ. ವಿಮಾ ಕಂಪನಿಯ ಒಪ್ಪಿಗೆಯಿಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ರಾಜಿಯಾಗಬಾರದು ಎಂಬ ಷರತ್ತು, ಕೆಲಸದಲ್ಲಿ ತಪ್ಪಾಯಿತೆಂದು ಯಾರಾದರೂ ಪರಿಹಾರ ಕೇಳಿದರೆ ನೆರವಿಗೆ ಬರುವ ನನ್ನ ವಿಮಾ ಪಾಲಿಸಿಯಲ್ಲೇ ಇತ್ತು. ಅದೇ ದಿನ ಕಂಪನಿಗೆ ನೋಟಿಸಿನ ಪ್ರತಿ ಕಳಿಸಿದೆ. ಈ ವೃತ್ತಿ ಹೊಣೆ ಪಾಲಿಸಿಗಳಲ್ಲಿ ಹೆಚ್ಚಿನವು ಕೆಲಸ ಮಾಡಿದ ವರ್ಷವನ್ನಲ್ಲ, ಕ್ಲೇಮು ಬಂದ ವರ್ಷವನ್ನು ನೋಡುತ್ತವೆ. ನಡುವೆ ಒಂದು ವರ್ಷ ನವೀಕರಣ ತಪ್ಪಿದ್ದರೆ ಹಳೆಯ ಕೆಲಸಕ್ಕೆ ರಕ್ಷಣೆಯೇ ಇಲ್ಲವಾಗಬಹುದು. ವೃತ್ತಿ ಬಿಟ್ಟು ಮನೆಯಲ್ಲಿ ಕೂತವರಿಗೂ ಇದೇ ತಲೆನೋವು.

ನನ್ನ ವಕೀಲರ ಮುಂದೆ ಫೈಲ್ ಬಿಚ್ಚಿ ಕೂತಾಗ ಅವರು ನನ್ನ ಸಮರ್ಥನೆ ಕೇಳಲೇ ಇಲ್ಲ. "ಮೊದಲು ಅವರಿಗೆ ಆದ ನಷ್ಟ ಯಾವುದು ಹೇಳಿ" ಎಂದರು. ಕರ್ತವ್ಯ ಇತ್ತು, ಅದರಲ್ಲಿ ಲೋಪವಾಯಿತು, ಆ ಲೋಪದಿಂದಲೇ ನಷ್ಟವಾಯಿತು ಎಂದು ದಾವೆ ಹೂಡಿದವರು ಸಾಬೀತು ಮಾಡಬೇಕು. ಅಸಲು ತೆರಿಗೆ ಸಾಮಾನ್ಯವಾಗಿ ನಷ್ಟವಲ್ಲ. ರಿಟರ್ನ್ ಸರಿಯಾಗಿಯೇ ಇದ್ದಿದ್ದರೂ ಅವರು ಕಟ್ಟಲೇಬೇಕಿದ್ದ ಹಣ ಅದು. ಒಂದೇ ಮಾತಿಗೆ ನೋಟಿಸಿನ ಮುಕ್ಕಾಲು ಮೊತ್ತ ಉದುರಿತು. ಬಡ್ಡಿಯ ವಿಷಯದಲ್ಲಿ ಕೋರ್ಟುಗಳು ಒಂದೇ ಥರ ಯೋಚಿಸಿಲ್ಲ: ಅಷ್ಟು ದಿನ ಹಣ ನಿಮ್ಮ ಕೈಯಲ್ಲೇ ಇತ್ತಲ್ಲ ಎನ್ನುವವರೂ ಇದ್ದಾರೆ, ಕೊಡಿಸಿದವರೂ ಇದ್ದಾರೆ. ದಂಡ ಮಾತ್ರ ನಿಜವಾದ ಜಗಳ.

ದಂಡ ಬಿದ್ದದ್ದು ಎರಡು ಕಾರಣಕ್ಕೆ. ತೆರಿಗೆ ಲೆಕ್ಕಕ್ಕೆ ಆದಾಯದಿಂದ ಕಳೆದು ನಾನು ಹಾಕಿದ್ದ ಒಂದು ಕಡಿತವನ್ನು ಇಲಾಖೆ ಒಪ್ಪಿರಲಿಲ್ಲ. ಅದು ಅಭಿಪ್ರಾಯದ ವಿಷಯ. ಇಂಗ್ಲೆಂಡಿನ ಕೋರ್ಟಿನ 1957ರ ಬೋಲಮ್ ಪ್ರಕರಣ ವೈದ್ಯರದ್ದಾದರೂ ಅದರ ಅಳತೆಗೋಲು ಬೇರೆ ವೃತ್ತಿಗಳಿಗೂ ಹಬ್ಬಿದೆ: ಅದೇ ವೃತ್ತಿಯ ಜವಾಬ್ದಾರಿಯುತ ಜನ ಸರಿ ಎನ್ನುವ ದಾರಿ ಹಿಡಿದಿದ್ದರೆ, ಬೇರೆಯವರು ಒಪ್ಪಲಿಲ್ಲ ಎಂಬುದೊಂದರಿಂದಲೇ ಅದು ನಿರ್ಲಕ್ಷ್ಯವಾಗುವುದಿಲ್ಲ. ಆ ಕಡಿತ ಏಕೆ ಹಾಕಿದೆ ಎಂದು ಆವತ್ತೇ ಅರ್ಧ ಪುಟ ಟಿಪ್ಪಣಿ ಬರೆದಿಟ್ಟಿದ್ದೆ. ಸೋಮಾರಿಯಾದ ನಾನು ಯಾಕೆ ಬರೆದೆನೋ!

ಇನ್ನೊಂದು, ಅವರು ತೋರಿಸದೇ ಬಿಟ್ಟ ಬಾಡಿಗೆ ಆದಾಯ. ಅದರ ಬಗ್ಗೆ ಫೋನಿನಲ್ಲಿ ಎರಡು ಸಲ ಕೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ವಕೀಲರು ನಕ್ಕರು. "ನಿಮ್ಮ ನೆನಪು ಅವರ ನೆನಪಿಗಿಂತ ಮೇಲು ಅಂತ ಜಡ್ಜ್ ಯಾಕೆ ನಂಬಬೇಕು?" ಕೊನೆಗೆ ಹಳೆಯ ಇಮೇಲುಗಳಲ್ಲಿ ಒಂದು ಸಾಲು ಸಿಕ್ಕಿತು: 'ಬೇರೆ ಯಾವುದೇ ಆದಾಯ ಇದ್ದರೆ ಸಹಿ ಹಾಕುವ ಮೊದಲು ತಿಳಿಸಿ.' ಅದಕ್ಕೆ ಅವರ ಉತ್ತರ: 'ಇಲ್ಲ, ಸಲ್ಲಿಸಿ.'

ಆ ರಾತ್ರಿ ಫೈಲಿನಲ್ಲಿ ಇಲ್ಲದ ಟಿಪ್ಪಣಿಗಳನ್ನು ಈಗ ಬರೆದು ಸೇರಿಸಿಬಿಡುವ ಆಸೆ ನನಗೂ ಬಂದಿತ್ತು. ಮಾಡಬೇಡಿ. ಕಂಪ್ಯೂಟರಿನಲ್ಲಿ ತಾರೀಖು ಉಳಿಯುತ್ತದೆ, ಹುರುಳಿಲ್ಲದ ಕೇಸಿಗೆ ನೀವೇ ಹುರುಳು ಕೊಟ್ಟ ಹಾಗಾಗುತ್ತದೆ.

ಈಗ ಒಪ್ಪಂದ ಪತ್ರಕ್ಕೆ ಸಹಿ ಬೀಳದೆ ಕೆಲಸ ಮುಟ್ಟುವುದಿಲ್ಲ. ಯಾವ ವರ್ಷದ ಯಾವ ಕೆಲಸ, ಯಾವುದು ನನ್ನ ಕೆಲಸವಲ್ಲ, ಮಾಹಿತಿಯ ಹೊಣೆ ಯಾರದು ಎಂದು ಅದರಲ್ಲಿ ಇರುತ್ತದೆ. ಹೊಣೆಗೆ ಮಿತಿಯನ್ನೂ ಹಾಕಿದ್ದೇನೆ. ಎಲ್ಲ ಕಡೆ ಕೋರ್ಟು ಅದನ್ನು ಒಪ್ಪುವುದಿಲ್ಲ, ವಂಚನೆಗಂತೂ ಅದು ರಕ್ಷೆಯಲ್ಲ. ಫೋನಿನಲ್ಲಿ ಆಡಿದ್ದನ್ನು ಸಂಜೆಯೊಳಗೆ ಎರಡು ಸಾಲಿನ ಇಮೇಲ್ ಮಾಡುತ್ತೇನೆ. ಫೀಸಿನ ಅರ್ಧ ಮುಂಗಡ.

ನಮ್ಮ ಉತ್ತರ ಹೋದ ಮೇಲೆ ಅವರ ವಕೀಲರಿಂದ ಸದ್ದಿಲ್ಲ. ದಾವೆ ಬರಲಿಲ್ಲ, ಫೀಸೂ ಬರಲಿಲ್ಲ. ಪಾಲಿಸಿ ನವೀಕರಣದ ಅರ್ಜಿಯಲ್ಲಿ ಮಾತ್ರ 'ಹಿಂದೆ ಯಾವುದಾದರೂ ಕ್ಲೇಮು ಬಂದಿದೆಯೇ' ಎಂಬ ಪ್ರಶ್ನೆಗೆ ಈಗ 'ಹೌದು' ಎಂದು ಬರೆಯುತ್ತೇನೆ.